ಉಲ್ಟಾ ಕೂತ ದೀಪ

ತಾನು ಕಾಣದೆ ಎಲ್ಲವನ್ನೂ ಕಾಣುವವನಿಗೆ, ಬಾಯಿಲ್ಲದವರ ಮಾತನ್ನೂ ಕೇಳಿಸಿಕೊಳ್ಳುವ ಆ ದಯಾಮಯನಿಗೆ ತಲೆಬಾಗಿ ಈ ಮಾತು ಶುರುಮಾಡುತ್ತೇನೆ. ನಿಮ್ಮನ್ನು ಹೆದರಿಸಬೇಕು ಅಂತ ಹೇಳುತ್ತಿಲ್ಲ. ಹೆದರಿಕೆಯಾದರೆ ಅವನ ಹೆಸರು ಹೇಳಿಕೊಳ್ಳಿ. ಬಾಗಿಲು ಮುಂದೆ ಮಾಡಿ, ಸ್ವಲ್ಪ ಹತ್ತಿರ ಬನ್ನಿ.

ಇದು ನಡೆದದ್ದು ನನ್ನ ದೊಡ್ಡಮ್ಮನ ಮಗನಿಗೆ. ಅವನು ಬಸ್ ಕಂಡಕ್ಟರ್. ಮನೆಯವರೂ ಅವನನ್ನು ಕಂಡಕ್ಟರ್ ಅಂತಲೇ ಕರೆಯುವುದು. ತೊಟ್ಟಿಲಲ್ಲೇ ಸೀಟಿ ಊದಿದ್ದ ಅಂತ ದೊಡ್ಡಮ್ಮ ಬದುಕಿದ್ದಾಗ ತಮಾಷೆ ಮಾಡುತ್ತಿದ್ದಳು.

ಆವತ್ತು ಕೊನೇ ಟ್ರಿಪ್ಪು ಮುಗಿಸಿ, ಡಿಪೋದಲ್ಲಿ ಬಸ್ಸು ಬಿಟ್ಟು ಅವನು ಮನೆಯ ಕಡೆ ಹೊರಟಾಗ ಹನ್ನೊಂದೂವರೆ ದಾಟಿತ್ತು. ಅವನ ಅಪ್ಪ ತೀರಿಕೊಂಡು ಅಂದಿಗೆ ಮೂವತ್ತೆರಡು ದಿನ. ಡಿಪೋದಿಂದ ಮನೆಗೆ ಎರಡೇ ಬೀದಿ. ಎರಡನೆಯದರ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ನೀರು ಬತ್ತಿ ಎಷ್ಟೋ ವರ್ಷವಾಯಿತು. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿ ಬೆಸೆದಿದ್ದಾರೆ. ರಾಟೆ ಮಾತ್ರ ಹಾಗೇ ಉಳಿದಿದೆ, ಹಗ್ಗವಿಲ್ಲದೆ.

ಕಿರ್ರ್... ಕಿರ್ರ್...

ಕಂಡಕ್ಟರ್ ನಿಂತ. ಗಾಳಿ ಇರಲಿಲ್ಲ. ರಾಟೆಯನ್ನೇ ದಿಟ್ಟಿಸಿ ನೋಡಿದ. ಅದು ತಿರುಗುತ್ತಿರಲಿಲ್ಲ. ಆದರೂ ಸದ್ದು... ಕೆಳಗಿನಿಂದ, ಆಳದಿಂದ... ಕೊಡ ಕಲ್ಲಿಗೆ ತಗುಲಿದ ಹಾಗೆ ಒಂದೇ ಒಂದು ಸಲ, ಠಣ್. ಆಮೇಲೆ ಏನೂ ಇಲ್ಲ.

ಬಗಲಿನ ಚೀಲವನ್ನು ಎದೆಗೆ ಅವುಚಿಕೊಂಡು ಬಿರಬಿರನೆ ಹೆಜ್ಜೆ ಹಾಕಿದ. ಮನೆ ಕಂಡಿತು. ಬೀದಿಗೆ ಮುಖ ಮಾಡಿರುವ ಕೋಣೆ ಅವನ ಅಪ್ಪನದು. ಹತ್ತಿರ ಹತ್ತಿರ ಒಂದು ತಿಂಗಳಿಂದ ಅದಕ್ಕೆ ಬೀಗ. ಕಿಟಕಿಯ ಗಾಜಿನ ಹಿಂದೆ, ಗೋಡೆಯ ಮೇಲೆ, ಕೆಂಪು ಚುಕ್ಕಿಗಳು ಬಲದಿಂದ ಎಡಕ್ಕೆ ಹರಿಯುತ್ತಿದ್ದವು.

ನೀರು... ನೀರು... ನೀರು...

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ದೀಪದ ಬೋರ್ಡು ಏನು, ಗೋಡೆಗೆ ಯಾಕೆ ಬಂತು ಅಂತ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಅವನ ಅಪ್ಪ, ಅಂದರೆ ನನ್ನ ದೊಡ್ಡಪ್ಪ, ಬೋರ್ಡು ಬರೆಯುವವರು. ಅಂಗಡಿಯ ಹೆಸರು, ಲಾರಿಯ ಹಿಂದಿನ ಬರಹ, ಎಲ್ಲ ಅವರ ಕೈಯದೇ. ಒಂದು ಅಕ್ಷರದ ಬಾಲ ಸೊಟ್ಟಗಾದರೆ ಅಷ್ಟನ್ನೂ ಒರೆಸಿ ಮತ್ತೆ ಬರೆಯುವ ಮನುಷ್ಯ. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈಯ ಬೆರಳುಗಳು ಮತ್ತು ಬೇಸರವಾದಾಗ ನಾಲಗೆಯಲ್ಲಿ ಮಾಡುತ್ತಿದ್ದ "ಚ್ಚ" ಅನ್ನುವ ಸದ್ದು.

ಬಸ್ಸಿನ ನೆತ್ತಿಯ ಮೇಲೆ ಓಡುವ ದೀಪದ ಅಕ್ಷರಗಳನ್ನು ದಿನವೂ ನೋಡುವವನು ಕಂಡಕ್ಟರ್. ಅಪ್ಪನಿಗೂ ಇಂಥದೊಂದು ಮಾಡಿಕೊಡಬೇಕು ಅನ್ನಿಸಿತು. ಅಂಗಡಿಯಿಂದ ಒಂದು ಕಿಟ್ ತಂದ. ಹೊಸದಾಗಿ ಕಲಿಯುವವರಿಗೆ ಅಂತಲೇ ಡಬ್ಬಿಯ ಮೇಲೆ ಬರೆದಿತ್ತು. ಒಳಗೆ ಒಂದು ಹಸಿರು ಹಲಗೆ, ಎಂಟು ಸಾಲಿಗೆ ಆಗುವಷ್ಟು ಕಾಳಿನ ಗಾತ್ರದ ಕೆಂಪು ದೀಪಗಳು, ನಾಲ್ಕು ಗುಂಡಿ, ಜರಿಹುಳದ ಹಾಗೆ ಎರಡೂ ಬದಿಗೆ ಕಾಲಿರುವ ಕಪ್ಪು ಐಸಿ. ಆ ಐಸಿಯೇ ಬೋರ್ಡಿನ ಮೆದುಳು. ಅಕ್ಷರಗಳೆಲ್ಲ ನೆನಪಿರುವುದು ಅದರಲ್ಲೇ. ಅದನ್ನು ಕಿತ್ತರೆ ಬೋರ್ಡು ಬರೀ ಹಲಗೆ.

"ಟಿಕೆಟ್ ಹರಿಯೋ ಕೈ ಇದು. ಇದಕ್ಕೆ ಬೆಸುಗೆ ಬೇರೆ ಕೇಡು," ಅಂತ ಹೆಂಡತಿ ನಕ್ಕಿದ್ದಳು.

ಎರಡು ವಾರ ರಾತ್ರಿ ಕೂತು, ಬೆಸುಗೆಯ ರಾಳದ ಹೊಗೆ ಕುಡಿದು, ಬೆರಳು ಸುಟ್ಟುಕೊಂಡು ಮುಗಿಸಿದ. ಅಕ್ಷರಗಳನ್ನು ಒಂದೊಂದೇ ಚುಕ್ಕಿ ಒತ್ತಿ ತುಂಬಬೇಕಿತ್ತು. ಮಗ ಬರೆದ ಅಕ್ಷರ ನೋಡಿ ದೊಡ್ಡಪ್ಪ "ಚ್ಚ" ಅಂದರು. ಚೌಕುಳಿ ಕಾಗದ ತರಿಸಿಕೊಂಡು ನಡುಗುವ ಎಡಗೈಯಲ್ಲಿ ತಾವೇ ಚುಕ್ಕಿ ಇಟ್ಟರು. ಬೋರ್ಡು ಗೋಡೆಗೇರಿತು, ಗುಂಡಿಗಳು ತಂತಿ ಎಳೆದು ಮಂಚದ ಬದಿಗೆ ಬಂದವು. ನಾಲ್ಕು ಗುಂಡಿಗೆ ನಾಲ್ಕು ಮಾತು: ನೀರು, ನೋವು, ಹೊರಳಿಸು, ಬಾ. ಅಕ್ಷರದ ಕೊನೆಗೆ ಒಂದು ಚುಕ್ಕಿಯಷ್ಟು ಮೇಲೇಳುವ ಬಾಲ. ಅದು ಅವರ ರುಜು ಇದ್ದ ಹಾಗೆ. ಊರಿನ ಬೋರ್ಡುಗಳಲ್ಲೆಲ್ಲ ಅದೇ ಬಾಲ.

ಒಂದು ತಪ್ಪಾಗಿತ್ತು. ಆ ಪುಟ್ಟ ದೀಪಕ್ಕೆ ಒಂದು ಅಂಚು ಚಪ್ಪಟೆ ಇರುತ್ತದೆ. ಹಲಗೆಯ ಮೇಲೆ ಅಚ್ಚಾದ ಗುರುತಿಗೆ ಅದು ಹೊಂದಿಕೊಳ್ಳಬೇಕು. ಕೆಳಗಿನ ಸಾಲಿನ ಕೊನೆಯ ದೀಪವನ್ನು ಕಂಡಕ್ಟರ್ ನಿದ್ದೆಗಣ್ಣಿನಲ್ಲಿ ಉಲ್ಟಾ ಕೂರಿಸಿ ಬೆಸೆದಿದ್ದ. ಅದು ಹೊತ್ತಿಕೊಳ್ಳಲೇ ಇಲ್ಲ. ಅಕ್ಷರ ಆ ಜಾಗಕ್ಕೆ ಬಂದಾಗಲೆಲ್ಲ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ತೂತು. ದೊಡ್ಡಪ್ಪ ದಿನವೂ ಅದನ್ನು ಬೆರಳಿಂದ ತೋರಿಸುತ್ತಿದ್ದರು. ಚ್ಚ.

"ನಾಳೆ ತೆಗೆದು ತಿರುಗಿಸಿ ಹಾಕ್ತೀನಪ್ಪ."

ಆ ನಾಳೆ ಬರಲಿಲ್ಲ.

ಅವನ ಹೆಂಡತಿಗೂ ಕೆಲಸವಿತ್ತು. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ. ಅದಕ್ಕೇ ಅಪ್ಪನ ಪಾಳಿಯನ್ನು ಗಂಡ ಹೆಂಡತಿ ಹಂಚಿಕೊಂಡಿದ್ದರು. ರಾತ್ರಿ ಹತ್ತರವರೆಗೆ ಅವಳು. ಹತ್ತರಿಂದ ಬೆಳಗಿನವರೆಗೆ ಅವನು.

ಅಪ್ಪ ಹೋಗುವ ಹಿಂದಿನ ದಿನ ಅವನಿಗೆ ಎರಡು ಪಾಳಿಯ ಡ್ಯೂಟಿ. ಬಸ್ಸಿನ ತುಂಬ ಪ್ರವಾಸ ಹೊರಟ ಪಡ್ಡೆಗಳು. ಇಳಿಯುವ ಗಂಟೆಯನ್ನು ಒತ್ತಿದ್ದೇ ಒತ್ತಿದ್ದು, ಟಿಣ್ ಟಿಣ್ ಟಿಣ್. ಡ್ರೈವರ್ ತಾಳ್ಮೆಗೆಟ್ಟು ಗಂಟೆಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. "ಈಗ ಒತ್ತಲಿ, ಎಷ್ಟು ಬೇಕೋ ಅಷ್ಟು." ಇಬ್ಬರೂ ನಕ್ಕರು.

ರಾತ್ರಿ ಅಪ್ಪನ ಕೋಣೆಯಲ್ಲಿ ನೆಲಕ್ಕೆ ತಲೆ ಕೊಟ್ಟಿದ್ದನೋ ಇಲ್ಲವೋ, ಟಕ್... ಗುಂಡಿ. ಕೆಂಪು ಬೆಳಕು ಮುಖದ ಮೇಲೆ. ನೀರು. ಎದ್ದು ಲೋಟ ಬಾಯಿಗಿಟ್ಟ. ಮತ್ತೆ ಟಕ್. ಮತ್ತೆ ಕೊಟ್ಟ. ಆ ಸೊಟ್ಟ ಬಾಯಿಗೆ ಚಮಚದಲ್ಲಿ, ತೊಟ್ಟು ತೊಟ್ಟಾಗಿ ಕೊಡಬೇಕು. ಹೆಂಡತಿ ಹಾಗೇ ಕೊಡುತ್ತಿದ್ದಳು. ಇವನು ಲೋಟ ಎತ್ತಿ ಹೊಯ್ದ. ನೀರೆಲ್ಲ ದಿಂಬಿಗೆ ಹೋಯಿತು. ಕತ್ತಲೆಯಲ್ಲಿ ಅವನು ನೋಡಲಿಲ್ಲ.

ಟಕ್... ಟಕ್... ಟಕ್...

"ಈಗ ತಾನೇ ಕೊಟ್ನಲ್ಲ! ಎಷ್ಟು ಸಲ ಒತ್ತೋದು!"

ಎದ್ದ. ಬೋರ್ಡಿನಿಂದ ಐಸಿಯನ್ನು ಉಗುರಿನಲ್ಲಿ ಮೀಟಿ ಕಿತ್ತು ಚೀಲಕ್ಕೆ ಹಾಕಿಕೊಂಡ. ಬೆಳಿಗ್ಗೆ ಹಾಕಿದರಾಯಿತು ಅಂದುಕೊಂಡ. ಬೆಳಕು ಹೋಯಿತು. ಗುಂಡಿಯ ಸದ್ದು ನಿಲ್ಲಲಿಲ್ಲ. ದಿಂಬನ್ನು ಕಿವಿಯ ಮೇಲೆ ಒತ್ತಿಕೊಂಡು ಮಲಗಿದ. ಟಕ್ ಟಕ್ ಯಾವಾಗ ನಿಂತಿತೋ ಅವನಿಗೆ ಗೊತ್ತಿಲ್ಲ.

ಬೆಳಿಗ್ಗೆ ದೊಡ್ಡಪ್ಪನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು. ಮೈ ತಣ್ಣಗಾಗಿತ್ತು.

ಕಂಡಕ್ಟರನ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಓಡಿ ಬಂದವಳು ಅಪ್ಪನ ಬಾಯಿ ಬಿಡಿಸಿ ನೋಡಿದಳು.

"ನಾಲಗೆ ನೋಡು. ಒಣಗಿ ಮರದ ಚಕ್ಕೆ ಆಗಿದೆ. ರಾತ್ರಿ ಯಾರಿದ್ರು ಹತ್ರ?"

ಅಲ್ಲಿ ಒಂದು ಕ್ಷಣವಿತ್ತು. ಪರಮಾತ್ಮ ಎಲ್ಲರಿಗೂ ಅಂಥ ಒಂದು ಕ್ಷಣ ಕೊಡುತ್ತಾನೆ. ಕಂಡಕ್ಟರ್ ನೆಲ ನೋಡುತ್ತ, "ನಾನು ಡಿಪೋದಲ್ಲೇ ಮಲಗಿದ್ದೆ ಅಕ್ಕ," ಅಂದ.

ಹೆಂಡತಿ ಅವನ ಮುಖ ನೋಡಿದಳು. "ರೀ... ಏನು ಹೇಳ್ತಿದೀರಿ?"

"ಮುಚ್ಚು ಬಾಯಿ," ಅಂದಳು ಅಕ್ಕ. "ಕಂಡೋರ ಮನೆ ಹೆಣಗಳಿಗೆ ಜೀವ ತುಂಬ್ತೀಯ, ಮನೇಲಿರೋ ಮುದುಕನಿಗೆ ಒಂದು ಗುಟುಕು ನೀರಿಲ್ಲ. ನಿನಗೆ ಕೆಲಸದ ಮನೆ ತೋರಿಸಿದವಳು ನಾನು. ಇನ್ನು ಒಂದು ಮನೆ ಹೊಸಿಲೂ ತುಳಿಯೋ ಹಾಗಿಲ್ಲ ನೀನು."

ಅಂದ ಹಾಗೇ ಮಾಡಿದಳು. ವಾರದೊಳಗೆ ಎರಡು ಮನೆಯವರು ನಾಳೆಯಿಂದ ಬರಬೇಡ ಅಂದರು. ಬೀದಿಯ ಹೆಂಗಸರು ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಗಂಡನೊಬ್ಬ ಬಾಯಿ ಬಿಟ್ಟರೆ ಸಾಕಿತ್ತು. ಅವನು ಬಿಡಲಿಲ್ಲ.

ಈಗ ಆ ಕಿಟಕಿಗೆ ಬನ್ನಿ.

ಕಂಡಕ್ಟರ್ ಕೋಣೆಯ ಬೀಗ ತೆಗೆದ. ಬೋರ್ಡು ಗೋಡೆಯ ಮೇಲೆ ಉರಿಯುತ್ತಿತ್ತು. ಐಸಿ ಕೂರುವ ಜಾಗ ಖಾಲಿ. ಅದು ಇವನ ಚೀಲದಲ್ಲಿತ್ತು... ಮುಟ್ಟಿ ನೋಡಿಕೊಂಡ, ಇತ್ತು. ಮಂಚದ ಬದಿಯಲ್ಲಿ ಗುಂಡಿ ತಾನೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಟಕ್... ಟಕ್...

ಹಿಂದೆ ಹೆಂಡತಿ ನಿಂತಿದ್ದಳು.

"ನೋಡಿದ್ಯಾ?" ಪಿಸುಗುಟ್ಟಿದ.

"ನೀವು ಇವತ್ತು ನೋಡಿದ್ರಾ? ನಾನು ಎಂಟು ದಿನದಿಂದ ನೋಡ್ತಿದೀನಿ."

"ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ದನ್ನ ಯಾರು ನಂಬಿದಾರೆ?"

"ಬ್ಯಾಟರಿ... ಬ್ಯಾಟರಿ ಕಿತ್ತುಬಿಡು."

"ಅವು ಗಡಿಯಾರದಲ್ಲಿವೆ. ಮಾವ ಹೋದ ಮೂರನೇ ದಿನವೇ ತೆಗೆದು ಹಾಕಿದೆ."

ಅವಳು ಒಳಗೆ ಹೋಗಿ ಮಲಗಿದಳು. ಅವನು ಬೋರ್ಡಿನ ಹತ್ತಿರ ಹೋದ. ಆಗ ಇನ್ನೊಂದು ಕಂಡಿತು. ಓಡುವ ಅಕ್ಷರದಲ್ಲಿ ತೂತಿರಲಿಲ್ಲ. ಕೆಳಗಿನ ಸಾಲಿನ ಕೊನೆಯ ದೀಪವೂ ಹೊತ್ತಿತ್ತು.

ಮರುದಿನ ರಾತ್ರಿ ಒಂದು ಲೋಟ ನೀರು ಇಟ್ಟ. ಬೋರ್ಡು ನಿಲ್ಲಲಿಲ್ಲ. ಚಮಚ ಇಟ್ಟ. ನಿಲ್ಲಲಿಲ್ಲ. ಬೇಡಿಕೊಂಡ, ಅತ್ತ. ಬಟ್ಟೆ ಮುಚ್ಚಿದ. ಬಟ್ಟೆಯ ಒಳಗೂ ಕೆಂಪು ಹರಿಯಿತು. ಐದನೆಯ ರಾತ್ರಿ ನೀರು ಅನ್ನುವ ಮಾತೇ ಹೋಯಿತು. ಬೇರೆ ಮಾತು ಬಂತು. ಅವನು ತುಂಬದೇ ಇದ್ದ, ಚೌಕುಳಿ ಕಾಗದದಲ್ಲಿ ಇಲ್ಲದ ಮಾತು. ಆದರೆ ಅಕ್ಷರದ ಕೊನೆಗೆ ಅದೇ ಬಾಲ.

ಹೇಳು... ಹೇಳು... ಹೇಳು...

ಅವನು ಹೇಳಲಿಲ್ಲ. ಮನುಷ್ಯ ಎಷ್ಟು ಗಟ್ಟಿ ನೋಡಿ. ದೆವ್ವಕ್ಕೆ ಹೆದರಿದ, ಅಕ್ಕನಿಗೆ ಅದಕ್ಕಿಂತ ಹೆಚ್ಚು ಹೆದರಿದ. ಮನೆಗೆ ಬರುವುದನ್ನೇ ಬಿಟ್ಟು ನಿಜವಾಗಿಯೂ ಡಿಪೋದಲ್ಲಿ ಮಲಗತೊಡಗಿದ.

ಮೂರನೆಯ ದಿನ ಕೊನೇ ಟ್ರಿಪ್ಪು. ನಿಲ್ದಾಣದಲ್ಲಿ ಒಬ್ಬ ಮುದುಕ ಬಸ್ಸಿನ ನೆತ್ತಿ ನೋಡಿ ಹತ್ತದೆ ನಿಂತ.

"ಏನಪ್ಪಾ, ಇದು ಎಲ್ಲಿಗೆ ಹೋಗೋ ಬಸ್ಸು? ಊರಿನ ಹೆಸರೇ ಇಲ್ಲ. ಹೇಳು ಹೇಳು ಅಂತ ಬರ್ತಿದೆ. ನಾನೇ ಹೇಳ್ಬೇಕಾ?"

ಡ್ರೈವರ್ ಇಳಿದು ನೋಡಿದ. ತಲೆ ಕೆರೆದುಕೊಂಡ. "ಮಷೀನು ಕೆಟ್ಟಿರ್ಬೇಕು. ರೈಟ್ ಹೇಳೋ, ಹೋಗೋಣ."

ಮುದುಕ ಹತ್ತಲಿಲ್ಲ. ಖಾಲಿ ಬಸ್ಸು ಕತ್ತಲೆಯಲ್ಲಿ ಹೊರಟಿತು. ಕಂಡಕ್ಟರ್ ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ಯಾರೂ ಇಲ್ಲ.

ಟಿಣ್.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಾರೋ ಅದು?"

"ಯಾರೂ ಇಲ್ಲ."

ಟಿಣ್... ಟಿಣ್... ಟಿಣ್...

ಡ್ರೈವರ್ ಬಸ್ಸು ನಿಲ್ಲಿಸಿ ಫ್ಯೂಸ್ ಕಿತ್ತ. ಅಂಗೈಯಲ್ಲಿ ಹಿಡಿದು ತೋರಿಸಿದ. ಗಂಟೆ ನಿಲ್ಲಲಿಲ್ಲ. ಕೊನೆಯ ಸೀಟಿನ ಕಡೆಯಿಂದ, ಕತ್ತಲೆಯಿಂದ, ಇನ್ನೊಂದು ಸದ್ದು ಬಂತು. ಸಣ್ಣದು. ನಾಲಗೆಯದು.

ಚ್ಚ.

ಕಂಡಕ್ಟರ್ ಬಸ್ಸಿನಿಂದ ಹಾರಿದ. ಚೀಲ ಬಡಿದುಕೊಳ್ಳುತ್ತಿದ್ದ ಹಾಗೇ ಓಡಿದವನು ನಿಂತದ್ದು ಅಕ್ಕನ ಮನೆಯ ಬಾಗಿಲಿನಲ್ಲಿ. ಅವಳು ಚಿಲಕ ತೆಗೆದಳು.

"ಏನೋ ಇದು, ಈ ಹೊತ್ನಲ್ಲಿ?"

ಅವನು ಐಸಿಯನ್ನು ಅವಳ ಕೈಗಿಟ್ಟ. "ನಾನು ಆ ರಾತ್ರಿ ಮನೇಲಿದ್ದೆ ಅಕ್ಕ. ನನ್ನ ಪಾಳಿ. ಅಪ್ಪ ನೀರು ಕೇಳ್ತಾ ಇದ್ರು. ನಾನೇ ಇದನ್ನ ಕಿತ್ತೆ. ಅವಳು ಒಳಗೆ ನಿದ್ದೆ ಮಾಡ್ತಿದ್ಲು, ಅವಳಿಗೆ ಗೊತ್ತಿಲ್ಲ."

ಅಕ್ಕ ಐಸಿಯನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಕೆನ್ನೆಗೆ ಒಂದು ಬಿಟ್ಟಳು. ಚಟ್ ಅಂತ ಬೀದಿಯ ಕೊನೆಗೂ ಕೇಳಿಸಿತಂತೆ. ಬೆಳಗಾದ ಮೇಲೆ ಅವನ ತೋಳು ಹಿಡಿದು ಆ ಎರಡು ಮನೆಗೂ ಎಳೆದುಕೊಂಡು ಹೋದಳು. ಒಂದೊಂದು ಹೊಸಿಲಲ್ಲೂ ನಿಲ್ಲಿಸಿ, "ಹೇಳು," ಅಂದಳು. ಆ ಮಾತು ಅವಳ ಬಾಯಲ್ಲಿ ಬಂದಾಗ ಅವನ ಮೈ ಬೆವೆತು ಹೋಯಿತು. ಬೋರ್ಡಿನಲ್ಲಿ ಓಡಿದ ಆ ಮಾತಿನ ವಿಷಯ ಅವನು ಅವಳಿಗೆ ಹೇಳಿರಲೇ ಇಲ್ಲ.

ಕೊನೆಗೆ ತಮ್ಮನ ಮನೆಗೆ ಬಂದು ಅಕ್ಕ ಅವನ ಹೆಂಡತಿಯ ಕೈ ಹಿಡಿಯಲು ಹೋದಳು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಗಂಡನಿಗೆ ಇಷ್ಟೇ ಅಂದಳು: "ನಿಮ್ಮಪ್ಪ ಸತ್ತ ಮೇಲೂ ನನ್ನ ಪರ ಮಾತಾಡಿದ್ರು. ನೀವು ಬದುಕಿದ್ದೂ ಮಾತಾಡ್ಲಿಲ್ಲ."

ಮೊದಲಿನ ಮನೆಯವರು ಕರೆದರು, ಹೋದಳು. ಈಗ ಹಗಲೂ ರಾತ್ರಿಯೂ ಅಲ್ಲೇ ಇದ್ದಾಳೆ. ಹಬ್ಬಕ್ಕೋ ಹುಣ್ಣಿಮೆಗೋ ತಿರುಗಿ ಬಂದಾಳು ಅಂತ ಅವನು ಬಾಗಿಲಿಗೆ ಅಗುಳಿ ಹಾಕುವುದಿಲ್ಲ.

ಆ ದಿನದಿಂದ ಅಕ್ಷರ ಓಡಲಿಲ್ಲ. ಗುಂಡಿ ಸದ್ದು ಮಾಡಲಿಲ್ಲ. ಇದನ್ನೆಲ್ಲ ಕೇಳಿ ನಾನೂ ನಿಮ್ಮ ಹಾಗೇ ನಂಬದೆ ತಲೆಯಾಡಿಸಿದ್ದೆ. ಹೋದ ತಿಂಗಳು ಅವನನ್ನು ನೋಡಲು ಹೋದಾಗ ಆ ಕೋಣೆಯಲ್ಲೇ ಮಲಗಿದೆ. ಆಣೆ ಇಡುವುದು ತಪ್ಪು, ಇಡುವುದಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೋರ್ಡನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಬ್ಯಾಟರಿಯ ಮನೆ ಖಾಲಿ. ಐಸಿಯ ಜಾಗ ಖಾಲಿ. ಕೆಳಗಿನ ಸಾಲಿನ ಕೊನೆಯ ದೀಪದ ಮೇಲೆ ಬೆರಳಾಡಿಸಿದೆ. ಚಪ್ಪಟೆ ಅಂಚು ಇನ್ನೂ ಉಲ್ಟಾ ಕಡೆಗೇ ಇದೆ. ಯಾರೂ ತಿರುಗಿಸಿ ಹಾಕಿಲ್ಲ.

ಅದೊಂದು ಮಾತ್ರ ಉರಿಯುತ್ತಿತ್ತು. ಬೆಳಗಾಗುವವರೆಗೂ ಉರಿಯಿತು.

ಕೇಳಿದ ನಿಮಗೆಲ್ಲ ಒಳ್ಳೆಯದಾಗಲಿ. ನಿಮ್ಮ ಮನೆಯಲ್ಲಿ ಮಲಗಿದವರಿಗೆ ಕೇಳಿದ ಹೊತ್ತಿಗೆ ನೀರು ಸಿಗಲಿ, ಆಡಬೇಕಾದ ಮಾತು ನಿಮ್ಮ ಬಾಯಿಗೆ ತಡವಾಗದೆ ಬರಲಿ, ಕತ್ತಲೆಯಲ್ಲಿ ಹೋಗುವವರ ಹೆಜ್ಜೆಯನ್ನು ಆ ಸ್ವಾಮಿ ಕಾಯಲಿ.