ಬಾಲದಲ್ಲಿರುವ ಅಪ್ಪು

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಸಂಘದ ಅಧ್ಯಕ್ಷರಾದ ಯಮುನಕ್ಕನವರೇ, ಪೊನ್ನಂಪೇಟೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿರುವ ಮುಖ್ಯ ಅತಿಥಿಗಳಾದ ಮಾಯಿಲಪ್ಪ ಮಾಸ್ಟರೇ, ಮತ್ತು ಅಡುಗೆಮನೆಯ ಬಾಗಿಲ ಮೇಲೇ ಕಣ್ಣಿಟ್ಟು ಕುಳಿತಿರುವ ಸಭಿಕರೇ, ಎಲ್ಲರಿಗೂ ಈ ಲಿಂಗಮ್ಮನ ವಂದನೆಗಳು.

ಇಂದು ಕಾರ್ತಿಕ ಸೋಮವಾರ. ಸಂಜೆ ದೀಪ ಹಚ್ಚುವ ತನಕ ನನಗೆ ಉಪವಾಸ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಎರಡು ಹಸು ಕರೆದು, ಅಂಗಳ ಗುಡಿಸಿ ರಂಗೋಲಿ ಬಿಟ್ಟು, ಶಿವನ ಪಟಕ್ಕೆ ಹೂವಿಟ್ಟು, ಒಂದು ಕಾಗದ ಬರೆದು ಬಂದಿದ್ದೇನೆ. ಊಟವೇ ಬೇಡದವಳ ಕೈಗೆ ಊಟದ ಮುಂಚಿನ ವಂದನಾರ್ಪಣೆಯನ್ನು ಕೊಟ್ಟಿದ್ದು ಯಾರ ಬುದ್ಧಿವಂತಿಕೆಯೋ ನನಗೆ ತಿಳಿಯದು. ಮೂರು ನಿಮಿಷ ಎಂದು ಚೀಟಿಯಲ್ಲಿ ಬರೆದಿದ್ದಾರೆ. ನೋಡೋಣ.

ಮೊದಲು ಆ ಕಾಗದದ ವಿಷಯ. ಬರುವ ಮಾಘದಲ್ಲಿ ನಮ್ಮ ಸಂಘ ಎರಡನೇ ಸಲ ಕಾಶಿಗೆ ಹೊರಟಿದೆ, ವಿಮಾನದಲ್ಲಿ. ಪಟ್ಟಿಯಲ್ಲಿ ಮೂವತ್ತೆರಡು ಹೆಸರಿವೆ. ಮೂವತ್ತೊಂದು ಪೆನ್ನಿನಲ್ಲಿ, ಒಂದು ಪೆನ್ಸಿಲ್ಲಿನಲ್ಲಿ. ಆ ಪೆನ್ಸಿಲ್ಲಿನದು ನಾನು. ಯಮುನಕ್ಕ ನನಗೆ ಸಂಘದ ಸೀಲು ಹಾಕಿದ ಪತ್ರ ಕಳಿಸಿದ್ದಾರೆ. ವಿಮಾನ ನಿಲ್ದಾಣದ ಗೇಟು ಹೊಕ್ಕಾಗಿನಿಂದ ಹೊರಗೆ ಬರುವವರೆಗೆ ಬಾಯಿ ತೆರೆಯುವುದಿಲ್ಲ ಎಂದು ನಾನು ಬರೆದು ಕೊಡಬೇಕು. ಇಂದಿನ ಈ ವಾರ್ಷಿಕೋತ್ಸವದ ಸಭೆ ಮುಗಿಯುವುದರೊಳಗೆ ಉತ್ತರ ಕೈಸೇರದಿದ್ದರೆ ನನ್ನ ಹೆಸರು ಅಳಿಸಿಹೋಗುತ್ತದೆ. ಸಭೆ ಮುಗಿಯುವುದು ಯಾವಾಗ? ವಂದನಾರ್ಪಣೆ ಮುಗಿದಾಗ. ಆದ್ದರಿಂದ ನಾನು ಮಾತಾಡುವಷ್ಟು ಹೊತ್ತು ಗಡುವು ಮುಗಿಯುವುದಿಲ್ಲ. ದಯವಿಟ್ಟು ಕುಳಿತುಕೊಳ್ಳಿ.

ನಾನು ಮಾಡಿದ ತಪ್ಪಾದರೂ ಏನು? ಮಾಸ್ಟರಿಗೆ ಗೊತ್ತಿಲ್ಲ, ಅವರಿಗೋಸ್ಕರ ಹೇಳುತ್ತೇನೆ.

ನನ್ನ ಅತ್ತೆ ಹುಚ್ಚಮ್ಮನವರು ತೀರಿಕೊಳ್ಳುವ ಮುಂಚೆ ನನ್ನ ಕೈ ಹಿಡಿದು ಒಂದೇ ಒಂದು ಕೇಳಿದ್ದರು. "ಭಾಗಮಂಡಲದ ಸಂಗಮದ ನೀರ ಕಾಶೀಲಿ ಗಂಗೆಗೆ ಬುಟ್ಬುಡು ಕಣವ್ವ, ನನ್ ಹೆಸ್ರೇಳಿ." ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ನಾನು ಭಾಗಮಂಡಲಕ್ಕೆ ಹೋಗಿ ಮಳೆಯಲ್ಲಿ ನೆನೆದು ಒಂದು ಬಾಟಲಿ ನೀರು ತಂದೆ. ಹೋದ ವರ್ಷ ಸಂಘದ ಜೊತೆ ಹೊರಟೆ.

ಬೆಂಗಳೂರಿನಲ್ಲಿ ನಮ್ಮನ್ನು ಬಸ್ಸಿನಲ್ಲಿ ವಿಮಾನದ ಹತ್ತಿರ ಇಳಿಸಿ, ಹಿಂದಿನ ಏಣಿಯಿಂದ ಹತ್ತಿ ಎಂದರು. ತಲೆಯೆತ್ತಿ ನೋಡುತ್ತೇನೆ, ರೆಕ್ಕೆಯ ಕೆಳಗಿನ ದೊಡ್ಡ ಇಂಜಿನ್ನುಗಳು ಎರಡೂ ಸುಮ್ಮನಿವೆ. ಆದರೆ ಬಾಲದ ತುದಿಯಲ್ಲಿ ಒಂದು ತೂತು. ಅದರೊಳಗಿಂದ ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಮಿಲ್ಲಿನಂಥ ಸದ್ದು. ಕಾದ ಕಾವಲಿಯ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ಅಲ್ಲಿ ಗಾಳಿ ನಡುಗುತ್ತಿದೆ. ಸೀಮೆಎಣ್ಣೆ ವಾಸನೆ ಬೇರೆ. ಪಂಪ್ ಸ್ಟೌ ಹತ್ತಿಕೊಂಡಿದ್ದನ್ನು ಕಂಡವಳು ನಾನು. ಬಾಲಕ್ಕೆ ಬೆಂಕಿ ಬಿದ್ದಿದೆ ಎಂದು ಕೂಗಿದೆ. ಕೂಗಿ ಸುಮ್ಮನಿರಬೇಕಿತ್ತು. ಕೈಯಲ್ಲಿ ನೀರಿತ್ತು. ಮುಚ್ಚಳ ತಿರುವಿ ಮೇಲಕ್ಕೆ ಎರಚಿಯೇ ಬಿಟ್ಟೆ.

ಬಾಲ ಇದ್ದದ್ದು ತೆಂಗಿನಮರದರ್ಧ ಎತ್ತರದಲ್ಲಿ. ನನ್ನ ಕೈ ಇಷ್ಟೇ. ಒಂದು ತೊಟ್ಟೂ ಅಲ್ಲಿಗೆ ತಲುಪಲಿಲ್ಲ. ಸಂಗಮದ ಕಾವೇರಿ, ಕನ್ನಿಕೆ, ಸುಜ್ಯೋತಿ ಮೂರು ನದಿಗಳೂ ಸೇರಿ ಯಮುನೆಯ ಮೇಲೆ ಬಿದ್ದವು. ಅಕ್ಕ ಅಂದು ಮೈಸೂರು ಸಿಲ್ಕ್ ಉಟ್ಟಿದ್ದರು.

ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡಿದ್ದ ಕೆಲಸಗಾರರೊಬ್ಬರು ಓಡಿ ಬಂದರು. ಧರ್ಮೇಶ್ ಎಂದು ಹೆಸರು, ಅರಕಲಗೂಡಿನ ಕಡೆಯವರು. "ಬೆಂಕಿ ಅಲ್ಲ ಕಣಮ್ಮ, ಅದು ಎಪಿಯು" ಎಂದರು. ಆ ಸದ್ದಿನಲ್ಲಿ ನನಗೆ ಕೇಳಿಸಿದ್ದು 'ಅಪ್ಪು'.

"ಬಾಲದೊಳಗೇ ಇರ್ತಾನಾ?" ಎಂದೆ.

"ಬಾಲದಲ್ಲೇ ಅಮ್ಮ. ಚಿಕ್ಕದು, ಆದ್ರೆ ಒಳ್ಳೆ ಕೆಲ್ಸ ಮಾಡುತ್ತೆ, ಒಳಗೆ ತಂಪು ಗಾಳಿ ಬರೋದೇ ಅದ್ರಿಂದ. ಎಣ್ಣೆ ಹಾಕ್ತಾ ಇದ್ರೆ ಸಾಕು."

ನೀವೇ ಹೇಳಿ ಸಭಿಕರೇ, ನಮ್ಮ ಕಡೆ ಎಣ್ಣೆ ಹಾಕುವುದು ಎಂದರೆ ಏನು? ಪಾಪ, ಕುಳ್ಳ ಮನುಷ್ಯ, ಆ ಕಾವಿನಲ್ಲಿ ಒಬ್ಬನೇ ಕುಳಿತು ದುಡಿಯಬೇಕು, ಮೇಲೆ ಕುಡಿತದ ಚಟ ಬೇರೆ. ಕಾಶಿಯಲ್ಲಿ ಎಲ್ಲರೂ ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಅರ್ಚನೆ ಮಾಡಿಸಿದರು. ನಾನು ಅಪ್ಪುವಿನ ಹೆಸರಿಗೂ ಮಾಡಿಸಿದೆ, ಅವನು ಎಣ್ಣೆ ಬಿಡಲಿ ಎಂದು. ಪುರೋಹಿತರು ಗೋತ್ರ ಕೇಳಿದರು, ವಿಮಾನಗೋತ್ರ ಎಂದೆ. ಅವರಿಗೆ ಕನ್ನಡ ಬಾರದ್ದು ಒಳ್ಳೆಯದಾಯಿತು.

ಆದರೆ ಗಂಗೆಯ ಮೆಟ್ಟಿಲ ಮೇಲೆ ಖಾಲಿ ಬಾಟಲಿ ಹಿಡಿದು ನಿಂತೆನಲ್ಲ, ಆಗ ಯಾವ ಅಪ್ಪುವೂ ನೆನಪಾಗಲಿಲ್ಲ. ಬಗ್ಗಿಸಿ ನೋಡಿದೆ. ಕೊರಳಿಗೆ ಅಂಟಿದ ಒಂದು ಹನಿಯೂ ಇರಲಿಲ್ಲ.

ಇರಲಿ. ಹಿಂದಿರುಗುವ ದಿನ ಮತ್ತೆ ಹಿಂದಿನ ಏಣಿ. ತಲೆಯೆತ್ತಿದರೆ ಬಾಲದಲ್ಲಿ ಸದ್ದಿಲ್ಲ, ಗಾಳಿ ನಡುಗುತ್ತಿಲ್ಲ. "ಇವತ್ತು ಅಪ್ಪು ಕೆಲ್ಸಕ್ಕೆ ಬಂದಿಲ್ಲ ಕಣ್ರೇ, ಬೀಸಣಿಗೆ ಕೈಲಿಟ್ಕಳಿ" ಎಂದೆ. ಯಮುನಕ್ಕ, "ಲಿಂಗಮ್ಮ, ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ಮಾರಾಯ್ತಿ" ಎಂದರು. ಒಳಗೆ ಹೋಗಿ ಕುಳಿತೆವು. ತಂಪು ಗಾಳಿ ಬರಲಿಲ್ಲ. ಅರ್ಧ ಗಂಟೆ ಇಡ್ಲಿ ಪಾತ್ರೆಯೊಳಗಿನ ಇಡ್ಲಿಗಳ ಹಾಗೆ ಬೆಂದೆವು. ಕೊನೆಗೆ ಕೆಳಗೊಂದು ಗಾಡಿ ಬಂದು, ದಪ್ಪ ಪೈಪಿನಲ್ಲಿ ಗಾಳಿ ಊದಿ ಇಂಜಿನ್ನು ಎಬ್ಬಿಸಿತು. ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗದೆಯೇ ಕೈ ಚಾಚಿದ್ದರು. ನಾನು ನನ್ನ ಬೀಸಣಿಗೆ ಕೊಟ್ಟೆ. ಅದು ಇನ್ನೂ ಅವರ ಮನೆಯಲ್ಲೇ ಇದೆ.

ಬೆಂಗಳೂರಿನಲ್ಲಿ ಇಳಿದಾಗ ಧರ್ಮೇಶ್ ಮತ್ತೆ ಸಿಕ್ಕಿದರು. ಕಾಶಿಯ ಪೇಡ ಕೈಗಿಟ್ಟು, ಇದನ್ನು ಅಪ್ಪುಗೆ ತಲುಪಿಸಿ, ಕುಡಿತ ಬಿಡಲು ಹೇಳಿ ಎಂದೆ. ಆ ಪುಣ್ಯಾತ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಟಿಕೆಟಿನ ಬೆನ್ನಿಗೆ ಚಿತ್ರ ಬರೆದು ತೋರಿಸಿದರು. ಅಪ್ಪು ಮನುಷ್ಯನಲ್ಲ, ಒಂದು ಪುಟ್ಟ ಇಂಜಿನ್ನು. ಬ್ಯಾಟರಿಯಿಂದ ಅದನ್ನು ಎಬ್ಬಿಸುತ್ತಾರೆ. ಬಾಲದಲ್ಲಿರುವ ಒಂದು ಕಿಟಕಿಯಿಂದ ಗಾಳಿ ಎಳೆದು, ಒತ್ತಿ, ಎಣ್ಣೆಯ ಜೊತೆ ಉರಿಸಿ ಗಿರಗಿರ ತಿರುಗುತ್ತದೆ. ಬಿಸಿ ಉಸಿರು ಆ ತೂತಿನಿಂದ ಹೊರಗೆ. ಅದು ತಿರುಗಿದರೆ ವಿಮಾನ ನೆಲದ ಮೇಲಿದ್ದಾಗಲೂ ದೀಪಕ್ಕೆ ಕರೆಂಟು, ಒಳಗಿನವರಿಗೆ ತಂಪು. ದೊಡ್ಡ ಇಂಜಿನ್ನುಗಳಿಗೆ ತಾವಾಗಿ ಏಳಲು ಬರುವುದಿಲ್ಲ. ಈ ಚಿಕ್ಕದೇ ಒತ್ತಿದ ಗಾಳಿ ಕಳಿಸಿ ಅವನ್ನು ತಿರುಗಿಸಬೇಕು. ಅವು ಎದ್ದು ಗರ್ಜಿಸತೊಡಗಿದ ಮೇಲೆ ಇದನ್ನು ಆರಿಸಿಬಿಡುತ್ತಾರೆ. ಆಕಾಶದಲ್ಲಿ ಅದರ ನೆನಪು ಯಾರಿಗೂ ಇರುವುದಿಲ್ಲ.

ಇದನ್ನು ಕೇಳಿದಾಗ ನನಗೆ ಯಾರು ನೆನಪಾದರು ಗೊತ್ತೇ? ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚಿ, ನೀರು ಕಾಯಿಸಿ, ನನ್ನ ಗಂಡ ದೇವರಾಜುವನ್ನು ತಟ್ಟಿ ಎಬ್ಬಿಸಿ, ಮನೆಯೆಲ್ಲ ಗಲಗಲ ಎನ್ನುವ ಹೊತ್ತಿಗೆ ಹಿತ್ತಲಿಗೆ ಸರಿದುಬಿಡುತ್ತಿದ್ದ ನನ್ನ ಅತ್ತೆ. ಅವರು ಹೋದ ಮೇಲೆ ದೇವರಾಜು ತಾವಾಗಿ ಎದ್ದ ದಿನವಿಲ್ಲ. ಈಗಲೂ ಅಲ್ಲಿ ಮೂರನೇ ಸಾಲಿನಲ್ಲಿ ನಿದ್ದೆಯಲ್ಲಿದ್ದಾರೆ, ನೋಡಿ.

ಅಂದಿನಿಂದ ನನಗೆ ವಿಮಾನ ನೋಡುವ ಹುಚ್ಚು ಹಿಡಿಯಿತು. ಹಾರಂಗಿ ಕಡೆಯಿಂದ ಸದ್ದು ಬಂದರೆ ಸಗಣಿ ಕೈಯಲ್ಲೇ ಅಂಗಳಕ್ಕೆ ಓಡುತ್ತೇನೆ. ನಾದಿನಿಯ ಮಗಳು ಮಾನಸ ಫೋನಿನಲ್ಲಿ ನೋಡಿ, ಎಲ್ಲಿಂದ ಎಲ್ಲಿಗೆ, ಯಾವ ಜಾತಿಯ ವಿಮಾನ ಎಂದು ಹೇಳುತ್ತಾಳೆ. ನಾನು ಹಳೇ ಡೈರಿಯಲ್ಲಿ ಬರೆದಿಡುತ್ತೇನೆ. ವಿರಾಜಪೇಟೆಯ ಮೇಲೆ ಘಾಟಿ ಇಳಿದು ಕಣ್ಣೂರಿನ ವಿಮಾನ ನಿಲ್ದಾಣದ ಹತ್ತಿರದ ಗುಡ್ಡದಲ್ಲಿ ಮೂರು ಸಲ ಬುತ್ತಿ ಕಟ್ಟಿಕೊಂಡು ಕುಳಿತು ಬಂದಿದ್ದೇನೆ. ಜನ ವಿಮಾನದ ಮೂತಿ ನೋಡುತ್ತಾರೆ. ನಾನು ಬಾಲ ನೋಡುತ್ತೇನೆ. ಊರಿನವರು ನನಗೆ ಬಾಲದ ಲಿಂಗಮ್ಮ ಎಂದು ಹೆಸರಿಟ್ಟಿದ್ದಾರೆ. ಬೇಜಾರಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುತ್ತದೆಯೇ? ಐವತ್ತು ವರ್ಷದಿಂದ ಆಗಿಲ್ಲ. ಆದರೆ ಹಿಂದಿ ಬಾರದವಳು ಒಬ್ಬಳೇ ಕಾಶಿಗೆ ಹೇಗೆ ಹೋಗಲಿ? ಅತ್ತೆ ಕೇಳಿದ ನೀರು ಇನ್ನೂ ಬಾಕಿ ಇದೆ. ಹೋದ ತಿಂಗಳು ಸಂಕ್ರಮಣದ ದಿನ ಭಾಗಮಂಡಲಕ್ಕೆ ಹೋಗಿ ಮತ್ತೆ ತುಂಬಿಸಿಕೊಂಡು ಬಂದಿದ್ದೇನೆ. ಈ ಸಲ ಎರಡು ಬಾಟಲಿ. ಒಂದು ಚೆಲ್ಲಿದರೂ ಇನ್ನೊಂದಿರಲಿ ಎಂದು. ಯಮುನಕ್ಕ, ನೀವು ಹೆದರಬೇಡಿ, ನನ್ನ ಹಿಂದೆ ನಡೆಯಿರಿ.

ಅದಕ್ಕೇ ಬೆಳಿಗ್ಗೆ ದೇವರ ಮುಂದೆ ಕುಳಿತು ಉತ್ತರ ಬರೆದೆ. ಮುಚ್ಚುಮರೆ ಏಕೆ, ಇಲ್ಲೇ ಹೇಳಿಬಿಡುತ್ತೇನೆ. "ಗೇಟು ಹೊಕ್ಕಾಗಿನಿಂದ ಹೊರಗೆ ಬರುವವರೆಗೆ ಲಿಂಗಮ್ಮ ಬಾಯಿ ತೆರೆಯುವುದಿಲ್ಲ. ಅಪ್ಪು ಕೆಲಸಕ್ಕೆ ಬಾರದ ದಿನವನ್ನು ಬಿಟ್ಟು." ಕೆಳಗೆ ಸಹಿ ಹಾಕಿದ್ದೇನೆ. ಅಕ್ಕ ನಗುತ್ತಿದ್ದಾರೆ. ನಗುವುದನ್ನು ಒಪ್ಪಿಗೆ ಎಂದು ನಾನು ತಿಳಿಯುವುದಿಲ್ಲ, ಪೆನ್ನು ತೆಗೆಯಲಿ.

ಮಾಯಿಲಪ್ಪ ಮಾಸ್ಟರಿಗೆ, ಮೈಕಿನವರಿಗೆ, ಅನ್ನ ಆರಿಹೋದರೂ ಬೈಯದ ಅಡುಗೆಯವರಿಗೆ, ಎದ್ದು ಹೋಗದ ನಿಮಗೆಲ್ಲರಿಗೂ ಸಂಘದ ಪರವಾಗಿ ಧನ್ಯವಾದಗಳು. ನಮಸ್ಕಾರ ಎಂದರೆ ಸಭೆ ಮುಗಿಯುತ್ತದೆ, ಗಡುವೂ ಮುಗಿಯುತ್ತದೆ. ಆ ಕಾಗದ ಇನ್ನೂ ಮನೆಯಲ್ಲಿ, ಶಿವನ ಪಟದ ಹಿಂದೆ, ಎರಡು ಬಾಟಲಿಗಳ ನಡುವೆ ಇದೆ. ಮರೆತು ಬಂದೆ. ಆದ್ದರಿಂದ ಕೈ ಮಾತ್ರ ಮುಗಿದು ನಿಂತಿರುತ್ತೇನೆ, ನಮಸ್ಕಾರವನ್ನು ಅದು ಬಂದ ಮೇಲೆ ಬಾಯಿಬಿಟ್ಟು ಹೇಳುತ್ತೇನೆ.

ಮಾನಸ, ಬೀಗದಕೈ ನಿಮ್ಮ ಮಾವನ ಜೇಬಿನಲ್ಲಿದೆ. ಅವರನ್ನು ಎಬ್ಬಿಸಬೇಡ, ಮೆಲ್ಲಗೆ ತೆಗೆದುಕೊಂಡು ಓಡಿ ಹೋಗು. ನನ್ನ ಉತ್ತರ ತಗೊಂಡು ಬಾ ತಾಯಿ.