ಊಟ ಬಿಟ್ಟ ನೀಲಿ ಮೀನು

ಲಿಲೊಂಗ್ವೆಯ ನಿಲ್ದಾಣದಲ್ಲಿ ಸರೋವರದ ಕಡೆಯ ಸಲೀಮಾಕ್ಕೆ ಹೋಗುವ ಮಿನಿಬಸ್ಸು ಜನ ತುಂಬಲೆಂದು ನಿಂತಿತ್ತು. ಒಳಗೆ ಕೂತಿದ್ದ ತಾವೊಂಗಾಳ ಮುಂದಿನ ಸೀಟಿನಲ್ಲಿ ಮಂದಾಸಿ ಎಂಬ ಕರಿದ ಹಿಟ್ಟಿನ ಉಂಡೆ ತಿನ್ನುತ್ತಿದ್ದ ಮುದುಕನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಏದುಸಿರು ಬಿಡುತ್ತ ಹತ್ತಿದಳು.

“ಕಾಲಿಪಿಂಡೆ ಅಜ್ಜಾ, ನಮ್ಮ ಡಾಕ್ಟರಮ್ಮನ ಗಾಜಿನ ತೊಟ್ಟಿಗೆ ಸರೋವರದಿಂದ ಹಿಡಿದು ಕೊಟ್ಟಿದ್ರಲ್ಲ, ಆ ನೀಲಿ ಮೀನು ಊಟ ಬಿಟ್ಟು ಎರಡು ವಾರ ಆಯ್ತು.”

“ಬೇರೆ ಮೀನು ಅಟ್ಟಿಸ್ಕೊಂಡು ಹೋಗ್ತಾವಾ, ಜಿಯೋನೆ?”

“ಹಳದಿಯೋನು ಬಿಡಲ್ಲ. ಇವಳು ಕಲ್ಲಿನ ಸಂದಿಯಿಂದ ಹೊರಗೇ ಬರಲ್ಲ. ದವಡೆ ಬೇರೆ ಊದಿದೆ. ಡಾಕ್ಟರಮ್ಮ ನಾಳೆ ಬರ್ತಾರೆ. ಸತ್ರೆ ನನ್ನ ಕೆಲಸ ಹೋಯ್ತು ಅಂತ ಹಿಡಿದು ಬಾಯಿ ಒತ್ತಿದೆ.”

“ಒತ್ತಿದ್ಯಾ?”

“ಏಳೆಂಟು ಕಿತ್ತಳೆ ಬಣ್ಣದ ಕಾಳು ಉದುರಿದ್ವು. ತಿಂದಿದ್ದು ಗಂಟಲಿಗೆ ಸಿಕ್ಕಿತ್ತು, ಪಾಪ. ಹಳದಿಯೋನು ಅದನ್ನೂ ನುಂಗಿಬಿಟ್ಟ.”

ಮುದುಕನ ಕೈ ಬಾಯಿಯ ಹತ್ತಿರವೇ ನಿಂತಿತು. “ಕಾಳಿಗೆ ಕಣ್ಣಿತ್ತಾ?”

“ಕಾಳಿಗೆ ಎಲ್ಲಾದ್ರೂ...” ಅವಳ ದನಿ ಇಳಿಯಿತು. “ಎರಡೆರಡು ಕಪ್ಪು ಚುಕ್ಕೆ ಇತ್ತು.”

“ಮೊಟ್ಟೆ ಕಣೇ ತಾಯಿ! ಈ ಜಾತಿಯವಳು ಮರಿಯಾಗೋ ತನಕ ಬಾಯಲ್ಲೇ ಇಟ್ಕೊಂಡು ಉಪವಾಸ ಇರ್ತಾಳೆ.”

ತಾವೊಂಗಾ ತನಗೇ ಗೊತ್ತಿಲ್ಲದೆ ತುಟಿ ಬಿಗಿದಳು.

“ಬಾಯಲ್ಲಿ ಇನ್ನೂ ಉಳಿದಿದ್ರೆ ಅವಳನ್ನ ಬೇರೆ ತೊಟ್ಟಿಗೆ ಬಿಡು. ಒತ್ತಬೇಡ.”

“ಉಳಿದಿದ್ದನ್ನ ಒತ್ತಿ ತೆಗೀರಿ ಅಂತ ನನ್ನ ಗಂಡನ್ನ ಕೂರಿಸಿ ಬಂದಿದೀನಿ!”

“ಫೋನ್ ಮಾಡೇ!”

“ನಮ್ಮಿಬ್ಬರಿಗೂ ಇರೋದೊಂದೇ ಫೋನು, ಅದು ನನ್ನ ಕೈಲೇ ಇದೆ!”

ಹತ್ತುತ್ತಿದ್ದವರನ್ನು ತಳ್ಳಿಕೊಂಡು ಜಿಯೋನೆ ಇಳಿದು ಓಡಿದಳು. ಮುದುಕ ಅರ್ಧ ತಿಂದ ಮಂದಾಸಿಯನ್ನು ಸೀಟಿನ ಮೇಲೇ ಬಿಟ್ಟು, ಕಷ್ಟಪಟ್ಟು ಇಳಿದು, ಅವಳ ಹಿಂದೆಯೇ ಹೊರಟ.