ಆರು ತಿಂಗಳ ಗುಳಿಗೆ

ಎಂಬತ್ನಾಲ್ಕರಲ್ಲಿ ಒಂದು ಮಧ್ಯಾಹ್ನ ಬಳ್ಳಾರಿಯಲ್ಲಿ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತೆಕ್ಕಲಕೋಟೆಯ ಅತ್ತೆ ಸೊಸೆ ಕುಳಿತಿದ್ದರು. ಸೊಸೆಯ ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು.

“ಡಾಕ್ಟ್ರಮ್ಮ ಏನಂದ್ರು ಸುಂಕ್ಲಮ್ಮ?” ಅತ್ತೆ ಕೇಳಿದಳು.

“ಗರ್ಭಚೀಲದ ಒಳಗಿರೋ ಪದರು ಹೊರಗೂ ಬೆಳದೈತಂತ್ರಿ. ತಿಂಗಳಾ ನೋವು ಬರೋದು ಅದಕ್ಕ. ಬಸರು ನಿಲ್ಲದಿರಾಕೂ ಅದ ಕಾರಣ ಇರಬಹುದಂತ.”

“ಎಂಟು ವರ್ಷ ನಿನ್ನ ನೋವು ನಾಟಕ ಅಂದೆನಲ್ಲ ನಾನು.”

“ಅಂದ್ರಿ.”

“ಔಷಧ ಏನು ಕೊಟ್ರು?”

“ಆರು ತಿಂಗಳು ಗುಳಿಗಿ. ಅಲ್ಲೀತನ ಮುಟ್ಟು ಬರಂಗಿಲ್ಲಂತ. ಆಮ್ಯಾಲ ಬಸರು ನಿಂತರೂ ನಿಲ್ಲಬಹುದು ಅಂದ್ರು, ಮಾತು ಕೊಡಲಿಲ್ಲ.”

“ಆರು ತಿಂಗಳು ನೀನು ಮುಟ್ಟಾಗಿ ಜಗಲಿ ಮ್ಯಾಲ ಕುಂದರಲಿಲ್ಲಂದ್ರ ಓಣಿಯವರು ಬಸರಿ ಅಂತಾರ. ಸೀಮಂತದ ಕುಬಸ ಯಾವಾಗ ಅಂತ ಎದುರು ಮನಿ ವೀರಭದ್ರಮ್ಮ ಕೇಳಿದ್ರ ಏನು ಹೇಳ್ಲಿ?”

“ಹಂಗಾರ ಗುಳಿಗಿ ಬ್ಯಾಡೇನ್ರಿ?”

ಅತ್ತೆ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು.

“ಗುಳಿಗಿ ನುಂಗು. ತಿಂಗಳಿಗೆ ಮೂರು ದಿನ ಸುಮ್ನ ಜಗಲಿ ಮ್ಯಾಲ ಕುಂದ್ರು. ದೇವ್ರಿಗೆ ನಾನು ಹೇಳ್ಕಂತೀನಿ.”

“ಅಡಗಿ ಯಾರು ಮಾಡ್ತಾರ?”

“ಇನ್ಯಾರು, ನಾನ.”

“ಐದು ದಿನ ಕುಂದರ್ಲೇನ್ರಿ ಅತ್ತಿ? ನೋವಿಲ್ದ ಕುಂದ್ರೋದು ನನಗ ಇದ ಮೊದ್ಲು.”

“ಮೂರ ದಿನ. ಅದೂ ಹೊಟ್ಟಿ ಹಿಡಕಂಡು. ನಕ್ಕೊಂತ ಕುಂತ್ರ ವೀರಭದ್ರಮ್ಮಗ ಗೊತ್ತಾಕೈತಿ.”

ತೆಕ್ಕಲಕೋಟೆ ಮೇಲೆ ಹೋಗುವ ಸಿರುಗುಪ್ಪದ ಬಸ್ಸು ಬಂತು. ಸೊಸೆ ಹೊಟ್ಟೆ ಹಿಡಿದುಕೊಂಡು, ನರಳುತ್ತ ಎದ್ದಳು.

“ಇವತ್ತಲ್ಲ ಲೇ,” ಎನ್ನುತ್ತ ಅತ್ತೆ ಅವಳನ್ನು ಬಸ್ಸಿನೊಳಗೆ ದೂಡಿದಳು.